ಕೆಂಪು ಚುಕ್ಕಿ ಇಲ್ಲದ ಕಾಲಂ

ಈ ಬರಹದಲ್ಲಿ ಯಾರ ಹೆಸರೂ ಬರುವುದಿಲ್ಲ. ಅದರಲ್ಲಿ ದೊಡ್ಡಸ್ತಿಕೆ ಏನಿಲ್ಲ, ಹೆಸರುಗಳ ಸಹವಾಸ ನನಗೆ ಸಾಕಾಗಿದೆ ಅಷ್ಟೆ. ಹೆಸರುಗಳ ಬೆನ್ನು ಹತ್ತಿ ಹಾನಗಲ್, ಹಿರೇಕೆರೂರು, ಶಿಗ್ಗಾವಿ ಎಂದು ಮೂರು ವರ್ಷ ಬಸ್ಸು ಹತ್ತಿ ಇಳಿದವನು ನಾನು. ಕಡೆಕಡೆಗೆ ದಾರಿಯಲ್ಲಿ ಯಾರಾದರೂ ನನ್ನ ಹೆಸರು ಹಿಡಿದು ಕೂಗಿದರೆ, ತಿರುಗಿ ನೋಡುವ ಮೊದಲು ಕೈ ಚೀಲದೊಳಗಿನ ಫೈಲಿಗೆ ಹೋಗುತ್ತಿತ್ತು.

ಸವಣೂರಿನಲ್ಲಿ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಗಿರಾಕಿಗಳಿಗೆ ಒಂದು ಬೆಂಚು, ಗೋಡೆಗೆ ಹೋದ ವರ್ಷದ ಕ್ಯಾಲೆಂಡರು. ಜಾತಿ, ಆದಾಯ, ಪಹಣಿ, ಪಾಸ್‌ಪೋರ್ಟು, ಯಾವ ಅರ್ಜಿ ಇದ್ದರೂ ತುಂಬಿ ಕೊಡುತ್ತೇನೆ. ಇದರ ಜೊತೆಗೆ ಇನ್ನೊಂದು ಚಟ, ಮಂದಿಯ ದನಿ ತೆಗೆಯುವುದು, ಅಂದರೆ ಥೇಟು ಅವರಂತೆ ಮಾತಾಡಿ ತೋರಿಸುವುದು. ಗಿರಾಕಿ ಮೆಟ್ಟಿಲಿಳಿದ ಕೂಡಲೇ ಬೆಂಚಿನ ಮೇಲೆ ಉಳಿದವರಿಗೆ ಅವರ ದನಿ ಕೇಳಿಸುತ್ತೇನೆ. ಗಾಡಿಯಲ್ಲಿ ಚುರುಮುರಿ, ಖಾರಾ ಮಾರುವವನ ಕೂಗು, ಮಂತ್ರವನ್ನೆಲ್ಲ ಮೂಗಿನಿಂದ ಹೇಳುವ ಆಚಾರ್ರು, ಕೆಮ್ಮಿದ ಮೇಲೇ 'ನಾಳೆ ಬರ್ರಿ' ಅನ್ನುವ ಕಚೇರಿಯ ಗುಮಾಸ್ತರು. ಯಾರೂ ಸಿಟ್ಟಾಗುವುದಿಲ್ಲ. ಬದಲಿಗೆ ತಾವೇ ಬಂದು 'ನಂದೊಮ್ಮೆ ತಗಿಯೋ' ಅನ್ನುತ್ತಾರೆ. ತೆಗೆದ ಮೇಲೆ ಮಾತ್ರ, ಎಲ್ಲರ ಬಾಯಲ್ಲೂ ಒಂದೇ ಮಾತು: ನಾನು ಹಾಗೆ ಮಾತಾಡುವುದಿಲ್ಲ.

ಕಸುಬಿನಲ್ಲಿ ನನ್ನದೊಂದು ನಿಯಮವಿತ್ತು. ಅರ್ಜಿಯಲ್ಲಿ ಕೆಂಪು ಚುಕ್ಕಿ ಇರುವ ಕಾಲಂ ಮಾತ್ರ ತುಂಬಬೇಕು. ಚುಕ್ಕಿ ಇಲ್ಲದ್ದಕ್ಕೆ ಕೈ ಹಚ್ಚಬಾರದು. ಹಚ್ಚಿದರೆ ಅದಕ್ಕೊಂದು ದಾಖಲೆ ಕೇಳುತ್ತಾರೆ, ದಾಖಲೆ ತಂದರೆ ಅದಕ್ಕೊಂದು ಝೆರಾಕ್ಸ್, ಝೆರಾಕ್ಸ್ ತಂದರೆ ಅದಕ್ಕೊಂದು ಸಹಿ. ಇದನ್ನು ಗಿರಾಕಿಗಳಿಗೆ ಎಷ್ಟು ಸಲ ಹೇಳಿದ್ದೇನೆ ಎಂದರೆ, ನಾನಿಲ್ಲದಾಗ ಬೆಂಚಿನವರು ಒಬ್ಬರಿಗೊಬ್ಬರು ನನ್ನದೇ ದನಿಯಲ್ಲಿ ಹೇಳಿಕೊಳ್ಳುತ್ತಿದ್ದರಂತೆ.

ನನ್ನ ಹೆಂಡತಿ ಹಿರೇಕೆರೂರಿನವಳು. ಅವಳಿಗೆ ಒಂಬತ್ತು ವರ್ಷವಿದ್ದಾಗ ಅವಳಪ್ಪ ಹೆಂಡತಿ ಮಗಳನ್ನು ಕರೆದುಕೊಂಡು ಅಮೆರಿಕಕ್ಕೆ ಹೋದ. ಅವಳು ಅಲ್ಲೇ ಓದಿ, ಅಲ್ಲಿಯ ಪ್ರಜೆಯಾಗಿ, ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಸೇರಿದಳು. ಕನ್ನಡ ಮಾತ್ರ ಒಂಬತ್ತನೇ ವರ್ಷಕ್ಕೇ ನಿಂತಿತ್ತು. ನಿಂತಿತ್ತು ಎಂದರೆ ಮರೆತಿರಲಿಲ್ಲ. ಮೂರನೇ ಇಯತ್ತೆಯ ಹುಡುಗಿ ಪಾಠ ಒಪ್ಪಿಸುವ ರಾಗದಲ್ಲಿ ಹಾಗೇ ಉಳಿದುಕೊಂಡಿತ್ತು. ಮೊಮ್ಮಗಳ ಮದುವೆ ತನ್ನ ಅಂಗಳದಲ್ಲೇ ಆಗಬೇಕು ಅಂತ ಹಿರೇಕೆರೂರಿನ ಅಜ್ಜಿ ಹಟ ಹಿಡಿದಿದ್ದಳು. ಹಾಗಾಗಿ ಅವಳು ರಜೆ ಹಾಕಿ ಊರಿಗೆ ಬಂದಾಗ ಹೆಣ್ಣು ನೋಡಲು ನಮ್ಮನ್ನು ಕರೆಸಿದರು.

ನನಗೆ ಅವ್ವ ದಾರಿಯುದ್ದಕ್ಕೂ ಹೇಳಿದ್ದು ಒಂದೇ, ಬಾಯಿ ಮುಚ್ಚಿಕೊಂಡು ಕೂತುಕೋ. ಕೂತೆ. ಹುಡುಗಿ ಬಂದು ಎದುರು ಕೂತು, ನೀವು ಏನು ಕೆಲಸ ಮಾಡುತ್ತೀರಿ ಅಂತ ಅದೇ ಪಾಠದ ರಾಗದಲ್ಲಿ ಕೇಳಿದಳು. ನಾನು ತಡೆದುಕೊಳ್ಳುವುದರೊಳಗೆ ಉತ್ತರ ಅದೇ ರಾಗದಲ್ಲಿ ಹೊರಗೆ ಬಂದಿತ್ತು. ಅವ್ವ ನನ್ನ ತೊಡೆ ಚಿವುಟಿ ಹಲ್ಲು ಕಚ್ಚಿ ಗದರಿದಳು. ಹುಡುಗಿ ಒಂದು ಗಳಿಗೆ ನನ್ನನ್ನು ನೋಡಿದಳು. ಆಮೇಲೆ ಹಲ್ಲು ಕಚ್ಚಿಕೊಂಡು, ಥೇಟು ನಮ್ಮವ್ವನ ದನಿಯಲ್ಲಿ, "ಸುಮ್ನ ಕುಂದ್ರೋ" ಅಂದಳು. ಎಲ್ಲರಿಗಿಂತ ಮೊದಲು ನಕ್ಕದ್ದು ನಮ್ಮಪ್ಪ.

ನಮ್ಮಪ್ಪ ನಿವೃತ್ತ ಮಾಸ್ತರ. ಏನನ್ನೂ ಕೇಳುವವನಲ್ಲ. ಚಹಾದಲ್ಲಿ ಸಕ್ಕರೆ ಇಲ್ಲದಿದ್ದರೂ ಕುಡಿದು ಲೋಟ ಇಡುವವನು. ಮದುವೆ ನಿಶ್ಚಯವಾದ ಮೇಲೆ ಒಂದು ದಿನ ಸೆಂಟರಿಗೆ ಬಂದು, ಗಿರಾಕಿಗಳೆಲ್ಲ ಹೋಗುವ ತನಕ ಬೆಂಚಿನ ಮೇಲೆ ಕೂತಿದ್ದು, ಸೊಸೆಗೆ ತನ್ನವ್ವನ ಹೆಸರು ಇಟ್ಟರೆ ಹೇಗೆ ಅಂತ ಕೇಳಿದ. ನಮ್ಮ ಕಡೆ ಮದುವೆಯಲ್ಲಿ ಗಂಡಿನ ಮನೆಯವರು ಹೆಣ್ಣಿಗೆ ಹೊಸ ಹೆಸರು ಇಡುತ್ತಾರೆ. ತಟ್ಟೆಯಲ್ಲಿ ಅಕ್ಕಿ ಹರವಿ, ಬಂಗಾರದ ಉಂಗುರದಿಂದ ಮದುಮಗ ಆ ಹೆಸರು ಬರೆಯಬೇಕು. ಈಗ ಬಹಳ ಮನೆಗಳಲ್ಲಿ ಶಾಸ್ತ್ರಕ್ಕೆ ಬರೆದು ಮರೆತುಬಿಡುತ್ತಾರೆ. ಅಪ್ಪ ಮರೆಯಲಿಕ್ಕೆ ಕೇಳಿರಲಿಲ್ಲ. ನಾನು ಆಗಲಿ ಅಂದೆ. ಕೇಳಬೇಕಾದವಳು ಇನ್ನೊಬ್ಬಳಿದ್ದಾಳೆ ಅಂತ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮದುವೆಯ ದಿನ ಅಕ್ಕಿಯಲ್ಲಿ ಬರೆದೆ. ಪಕ್ಕದಲ್ಲಿ ಕೂತಿದ್ದ ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಇದ್ಯಾರು?"

"ನೀನ."

"ನಂದೊಂದು ಐತೆಲ್ಲ."

ನಾನು ಆಚಾರ್ರ ಮೂಗಿನ ದನಿ ತೆಗೆದು, "ಇರ್ಲಿ ತಾಯಿ, ಒಂದು ಹರದ್ರ ಇನ್ನೊಂದು ಇರ್ತದ" ಅಂದೆ. ಅವಳು ನಕ್ಕಳು. ಆಚಾರ್ರೂ ನಕ್ಕರು. ಆ ನಗುವಿನಲ್ಲಿ ಅವಳ ಮಾತು ಮುಚ್ಚಿಹೋಯಿತು. ಮರುದಿನ ಆ ಅಕ್ಕಿಯನ್ನು ಅನ್ನ ಮಾಡಿ ಎಲ್ಲರೂ ಉಂಡೆವು. ಹೆಸರು ಅಲ್ಲಿಗೇ ಹೊಟ್ಟೆಗೆ ಹೋಗಿ ಮುಗಿದಿದ್ದರೆ ಚೆನ್ನಾಗಿತ್ತು.

ಅವಳ ರಜೆ ಮುಗಿಯಲು ನಾಲ್ಕು ದಿನ ಇತ್ತು. ಅಷ್ಟರೊಳಗೆ ಹಿರೇಕೆರೂರಿನಲ್ಲಿ ಮದುವೆ ನೋಂದಣಿ ಆಗಬೇಕು, ಆ ಪ್ರಮಾಣಪತ್ರ ಹಿಡಿದು ಅವಳು ಅಲ್ಲಿ ಗಂಡನನ್ನು ಕರೆಸಿಕೊಳ್ಳುವ ಅರ್ಜಿ ಹಾಕಬೇಕು. ಊರಿಗೆಲ್ಲ ಅರ್ಜಿ ತುಂಬುವವನು ನಾನೇ ಇರುವಾಗ ಬೇರೆಯವರ ಹತ್ತಿರ ಹೋಗುವುದೇನು? ಕೂತೆ, ತುಂಬಿದೆ. ವಧುವಿನ ಹೆಸರು ಎಂಬಲ್ಲಿ ಕೆಂಪು ಚುಕ್ಕಿ ಇತ್ತು. ಹೊಸ ಗಂಡನ ಹುರುಪಿನಲ್ಲಿ, ಅಪ್ಪನ ಮುಖ ನೆನೆದು, ಅಕ್ಕಿಯಲ್ಲಿ ಬರೆದ ಹೆಸರನ್ನು ಟೈಪು ಮಾಡಿದೆ. ಅದರ ಕೆಳಗೆ 'ಮದುವೆಗೆ ಮುಂಚಿನ ಹೆಸರು' ಎಂಬ ಕಾಲಂ ಇತ್ತು. ಅದಕ್ಕೆ ಚುಕ್ಕಿ ಇರಲಿಲ್ಲ. ನಿಯಮದಂತೆ ಬಿಟ್ಟೆ. ಅವಳು ಇಂಗ್ಲಿಷಿನಲ್ಲಿ, ಯಾವ ಹೆಸರೂ ಓದಲಿಕ್ಕೆ ಬಾರದಂತೆ ಒಂದು ಗೀಟು ಎಳೆದು ಸಹಿ ಮಾಡಿದಳು. ಕಚೇರಿಯಲ್ಲಿ ಅವಳ ಪಾಸ್‌ಪೋರ್ಟಿನ ಹೆಸರನ್ನು ಯಾರೂ ತಾಳೆ ನೋಡಲಿಲ್ಲ. ಪ್ರಮಾಣಪತ್ರ ಬಂದಾಗ ನನ್ನ ಕೆಲಸದ ಚೊಕ್ಕತನಕ್ಕೆ ನಾನೇ ತಲೆದೂಗಿದೆ.

ಅವಳು ಹೋದಳು. ಅರ್ಜಿ ಹಾಕಿದಳು. ನಾವು ಕಾಯಲಿಕ್ಕೆ ಕೂತೆವು.

ಮೊದಲ ವರ್ಷ ಕಾಯುವುದೂ ಒಂದು ಮೋಜಿನಂತಿತ್ತು. ನಮ್ಮ ಕಡೆ ಮದುವೆಯಾದ ಹೆಣ್ಣನ್ನು ಗಂಡನ ಮನೆಗೆ ಕಳಿಸಿಕೊಡುತ್ತಾರೆ. ಇಲ್ಲಿ ಹೆಂಡತಿಯ ಮನೆಗೆ ಹೋಗಬೇಕಾದವನು ನಾನು. ಖಾರಾ ಮಾರುವವನು ದಿನಾ ಬೆಳಿಗ್ಗೆ ಸೆಂಟರಿನ ಮುಂದೆ ಗಾಡಿ ನಿಲ್ಲಿಸಿ, "ಏನಪಾ, ಇನ್ನೂ ತವರಮನ್ಯಾಗ ಅದಿಯೇನ?" ಅಂತ ಕೇಳುತ್ತಿದ್ದ. ನಾನು ಟವೆಲ್ಲನ್ನು ತಲೆಯ ಮೇಲೆ ಸೆರಗಿನಂತೆ ಹೊದ್ದು, ಕಳಿಸಿಕೊಡುವಾಗ ಮದುಮಗಳು ಅಳುವ ಹಾಗೆ ಪ್ರಿಂಟರನ್ನು ತಬ್ಬಿಕೊಂಡು ಅತ್ತು ತೋರಿಸುತ್ತಿದ್ದೆ. ಬೆಂಚಿನವರು ಬಿದ್ದು ಬಿದ್ದು ನಗುತ್ತಿದ್ದರು. ಅವರೇ ಬೇರೆ ಊರಿನಿಂದ ಬಂದವರಿಗೆ ಅದನ್ನು ಮಾಡಿಸಿ ತೋರಿಸುತ್ತಿದ್ದರು.

ಹುರುಪಿನಲ್ಲಿ ಮುಂದೆ ಬೇಕಾಗುವ ಕಾಗದಗಳನ್ನೆಲ್ಲ ಮೊದಲೇ ಕೂಡಿಸತೊಡಗಿದೆ. ನಾನು ಹುಟ್ಟಿದ್ದು ಹಾನಗಲ್ಲಿನಲ್ಲಿ, ಅವ್ವನ ತವರಿನಲ್ಲಿ. ಜನನ ಪ್ರಮಾಣಪತ್ರಕ್ಕೆ ಅಲ್ಲಿ ಹೋದರೆ ದಾಖಲೆಯಲ್ಲಿ ತಂದೆ ಇದ್ದಾನೆ, ತಾಯಿ ಇದ್ದಾಳೆ, ಲಿಂಗ ಗಂಡು ಎಂದಿದೆ, ಹೆಸರಿನ ಜಾಗ ಖಾಲಿ. ಹೆಸರು ಇಟ್ಟದ್ದು ಹನ್ನೆರಡನೇ ದಿನ ತೊಟ್ಟಿಲಲ್ಲಿ ಹಾಕಿದಾಗ. ಅದನ್ನು ಕಚೇರಿಗೆ ಹೋಗಿ ಯಾರೂ ಹೇಳಿರಲಿಲ್ಲ. ಇಷ್ಟು ವರ್ಷ ಹಾನಗಲ್ಲಿನ ಪಾಲಿಗೆ ನಾನು ಬರೀ ಒಂದು ಗಂಡು. ಅದನ್ನು ತುಂಬಿಸಲಿಕ್ಕೆ ಏಳು ಸಲ ಹೋದೆ. ಫೋನಿನಲ್ಲಿ ಅವಳಿಗೆ ಹೇಳಿದರೆ, ನೀನು ಖಾಲಿ ಅಂತ ನನಗೆ ಮೊದಲೇ ಗೊತ್ತಿತ್ತು ಅಂದಳು.

ಫೋನು ಎಂದರೆ ಬೆಳಿಗ್ಗೆ. ನಾನು ಸೆಂಟರಿನ ಶಟರ್ ಎತ್ತುವ ಹೊತ್ತಿಗೆ ಅವಳು ಕೆಲಸ ಮುಗಿಸಿ ಮನೆಗೆ ಬಂದಿರುತ್ತಿದ್ದಳು. ನಮ್ಮ ಸಂಸಾರ ನಡೆದದ್ದೆಲ್ಲ ಆ ಮುಕ್ಕಾಲು ಗಂಟೆಯಲ್ಲಿ. ದಿನಾ ಒಬ್ಬೊಬ್ಬರ ದನಿಯಲ್ಲಿ ಮಾತಾಡುತ್ತಿದ್ದೆ. ಒಂದು ದಿನ ಆಚಾರ್ರು, ಒಂದು ದಿನ ನಮ್ಮವ್ವ, ಒಂದು ದಿನ ವೀಸಾ ಆಫೀಸಿನ ಸಾಹೇಬ. ಸಾಹೇಬನ ದನಿ ನಾನೇ ಹುಟ್ಟಿಸಿದ್ದು, ಗಂಟಲಲ್ಲಿ ಬಿಸಿ ಬದನೆಕಾಯಿ ಇಟ್ಟುಕೊಂಡಂತೆ. ಗಂಡ ಹೆಂಡತಿಯ ಸಂಬಂಧ ಖರೆ ಅಂತ ತೋರಿಸಲು ಇಬ್ಬರೇ ಇರುವ ಫೋಟೋ ಬೇಕು ಎಂದು ಎಲ್ಲೋ ಓದಿ, ಮದುವೆಯ ಆಲ್ಬಮ್ ಪೂರ್ತಿ ಹುಡುಕಿದೆವು. ಒಂದೂ ಇಲ್ಲ. ಪ್ರತಿ ಫೋಟೋದಲ್ಲಿ ನಡುವೆ ಯಾರೋ ಅತ್ತೆ, ಯಾರೋ ಚಿಕ್ಕವ್ವ, ಒಂದರಲ್ಲಿ ಅಡುಗೆಯವನು. ಇಬ್ಬರನ್ನೇ ನಿಲ್ಲಲು ನಮ್ಮಲ್ಲಿ ಬಿಡುವವರು ಯಾರು?

ಭಾನುವಾರ ಅಪ್ಪ ಫೋನು ತೆಗೆದುಕೊಳ್ಳುತ್ತಿದ್ದ. ಹೊಸ ಹೆಸರು ಹಿಡಿದು ಕರೆದು, ಊಟ ಆಯಿತೇ ಅಂತ ಕೇಳಿ, ಫೋನು ವಾಪಸ್ ಕೊಡುತ್ತಿದ್ದ. ಅಷ್ಟೇ ಮಾತು. ಆದರೆ ಆ ಹೆಸರನ್ನು ಮಾತ್ರ ಸಾವಕಾಶವಾಗಿ, ಪ್ರತಿ ಅಕ್ಷರಕ್ಕೂ ಜಾಗ ಕೊಟ್ಟು ಅನ್ನುತ್ತಿದ್ದ. ತಾಯಿ ಇರುವಷ್ಟು ದಿನ ತಾಯಿಯ ಹೆಸರನ್ನು ಯಾವ ಮಗ ಬಾಯಿಬಿಟ್ಟು ಕರೆಯುತ್ತಾನೆ? ಅದು ಅವನಿಗೆ ಈಗ ಸಿಕ್ಕಿತ್ತು, ವಾರಕ್ಕೊಮ್ಮೆ.

ಹದಿನಾಲ್ಕು ತಿಂಗಳ ಮೇಲೆ ಅರ್ಜಿಗೆ ಪತ್ರ ಬಂತು. ಅವಳು ಫೋನಿನಲ್ಲಿ ಓದಿ ಹೇಳಿದಳು. ಅರ್ಜಿದಾರಳ ಪಾಸ್‌ಪೋರ್ಟಿನಲ್ಲಿ ಒಂದು ಹೆಸರಿದೆ. ಮದುವೆಯ ಪ್ರಮಾಣಪತ್ರದಲ್ಲಿ ವಧುವಿನ ಹೆಸರು ಪೂರ್ತಿ ಬೇರೆ ಇದೆ. ಇಬ್ಬರೂ ಒಬ್ಬಳೇ ಎಂಬುದಕ್ಕೆ ಮೂರು ತಿಂಗಳೊಳಗೆ ಪುರಾವೆ ಕೊಡಬೇಕು, ಇಲ್ಲದಿದ್ದರೆ ಅರ್ಜಿ ತಳ್ಳಿಹಾಕುತ್ತೇವೆ.

ಅಂದರೆ ಕಾಗದದ ಪ್ರಕಾರ ನಾನು ಬೇರೆ ಯಾರನ್ನೋ ಮದುವೆಯಾಗಿದ್ದೆ. ಆ ಬೇರೆ ಯಾರೋ ನಮ್ಮಜ್ಜಿ.

ನಾನು ಸಾಹೇಬನ ಬದನೆಕಾಯಿ ದನಿ ತೆಗೆದು, "ನಿಮ್ಮ ಅಜ್ಜಿಯನ್ನು ಯಾಕೆ ಮದುವೆಯಾದಿರಿ" ಅಂತ ಶುರು ಮಾಡಿದೆ.

"ನಗಸಬ್ಯಾಡ ನನ್ನ," ಅಂದಳು. "ಇವತ್ತ ಬ್ಯಾಡ."

ಆಮೇಲೆ, "ಆ ಅಕ್ಕ್ಯಾಗ ಬರದದ್ದನ್ನ ನನ್ನ ಕೇಳಿ ಬರದಿಯೇನ ನೀ?" ಅಂದಳು. ಮೂರನೇ ಇಯತ್ತೆಯ ರಾಗ ಆ ಹೊತ್ತು ಅವಳ ದನಿಯಲ್ಲಿ ಇರಲಿಲ್ಲ. "ನಾ ಕಾಯಾಕ ಒಲ್ಲೆ ಅನ್ನಾಕತ್ತಿಲ್ಲ. ನನಗ ಆಗವಲ್ದು ಅನ್ನಾಕತ್ತೇನಿ. ಇದು ಹೋತಂದ್ರ ಎರಡನೇ ಅರ್ಜಿ ನಾ ಹಾಕಂಗಿಲ್ಲ."

ಹಾಕದಿದ್ದರೆ ಆಮೇಲೆ ಏನು ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತಿತ್ತು, ಅದರ ಅಂಜಿಕೆ.

ಅವತ್ತು ಸೆಂಟರಿನಲ್ಲಿ ಹಳೆಯ ಫೈಲು ತೆಗೆದು ನಾನು ತುಂಬಿದ ಅರ್ಜಿ ನೋಡಿದೆ. ಆ ಖಾಲಿ ಕಾಲಂ ಹಾಗೇ ಕೂತಿತ್ತು. ಎಷ್ಟು ಸಣ್ಣ ಜಾಗ ಅದು. ಗುಮಾಸ್ತರನ್ನು ಅಣಕಿಸಿ ಅಣಕಿಸಿ ಊರೆಲ್ಲ ನಗಿಸಿದವನು, ಈ ಸಲ ಬಯ್ಯಲಿಕ್ಕೆ ಒಬ್ಬ ಗುಮಾಸ್ತನೂ ಸಿಗದೆ ಕೂತೆ.

ಹಿರೇಕೆರೂರಿಗೆ ಹೋದೆ. ಆಗಿಹೋದ ನೋಂದಣಿಯನ್ನು ತಿದ್ದಲು ಬರುವುದಿಲ್ಲ, ಆದರೆ ಮದುವೆಯಲ್ಲಿ ಹೆಸರು ಬದಲಾದದ್ದನ್ನು ಎರಡೂ ಮನೆಯ ಹಿರಿಯರು ಪ್ರಮಾಣ ಮಾಡಿ ಬರೆದುಕೊಟ್ಟರೆ ನಡೆಯಬಹುದು ಅಂದರು. ನಡೆಯಬಹುದು ಎಂಬ ಮಾತು ಎಷ್ಟು ದೂರ ನಡೆಯುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ, ಗಿರಾಕಿಗಳಿಗೆ ದಿನಾ ನಾನೂ ಅದನ್ನೇ ಹೇಳುತ್ತೇನೆ. ಅವಳ ಅಜ್ಜಿಯ ಹತ್ತಿರ ಹೋದೆ. ಮೊಮ್ಮಗಳ ಹುಟ್ಟಿದ ಹೆಸರು ಯಾವುದು, ಮದುವೆಯಲ್ಲಿ ಇಟ್ಟ ಹೆಸರು ಯಾವುದು, ಎರಡನ್ನೂ ಹೇಳಬೇಕು ಅಂದೆ. ಅಜ್ಜಿ ಬಹಳ ವಿಚಾರ ಮಾಡಿ, "ನಾ ಆಕಿನ್ನ ಎರಡೂ ಕರದಿಲ್ಲಪಾ. ಕೂಸ ಅಂತೇನಿ," ಅಂದಳು. ಕೂಸು ಎಂಬ ಮೂರನೇ ಹೆಸರನ್ನು ಅಫಿಡವಿಟ್ಟಿನಲ್ಲಿ ಸೇರಿಸದಂತೆ ನೋಡಿಕೊಳ್ಳಲು ನನಗೆ ಒಂದು ಮಧ್ಯಾಹ್ನ ಹಿಡಿಯಿತು. ಕೊನೆಗೆ ಹೆಬ್ಬೆಟ್ಟು ಒತ್ತಿದಳು. ಮಸಿ ಒರೆಸಿಕೊಳ್ಳುತ್ತ, ಕೂಸು ಯಾವಾಗ ಬರುತ್ತದೆ ಅಂತ ಕೇಳಿದಳು. ಅವಳು ಬರುವುದಿಲ್ಲ, ನಾನು ಹೋಗುವುದು ಅಂದೆ. ಅಜ್ಜಿಗೆ ಅದು ಸೇರಲಿಲ್ಲ.

ಅಪ್ಪನದು ಉಳಿಯಿತು. ಸವಣೂರಿನಲ್ಲಿ ನೋಟರಿ ಇಲ್ಲವೆಂದಲ್ಲ. ಆದರೆ ಇಲ್ಲಿ ಮಾಡಿಸಿದರೆ ಮಾಸ್ತರ ತನ್ನವ್ವನ ಹೆಸರು ಅಳಿಸಿದ ಅಂತ ಸಂಜೆಯೊಳಗೆ ಎಲೆ ಅಡಿಕೆ ಅಂಗಡಿಯ ತನಕ ಮಾತು ಹೋಗುತ್ತದೆ. ಹಾಗಾಗಿ ಶಿಗ್ಗಾವಿಗೆ ಕರೆದುಕೊಂಡು ಹೋದೆ. ಅಲ್ಲಿ ನೋಟರಿಯ ಬಾಗಿಲಿಗೆ ಒಬ್ಬ ಚಾಚಾ ಟೈಪು ಮಾಡುತ್ತ ಕೂತಿರುತ್ತಾರೆ. ಮೊದಲು ಸವಣೂರಿನಲ್ಲೇ ಇದ್ದವರು, ಅಪ್ಪನಿಗೆ ಹಳೆಯ ಪರಿಚಯ. ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಕೂತು ಎರಡೂ ಕೈಯಲ್ಲಿ ಕನ್ನಡಕದ ಡಬ್ಬಿ ಹಿಡಿದುಕೊಂಡಿದ್ದ.

ಅಫಿಡವಿಟ್ಟಿನ ಕರಡನ್ನು ನಾನೇ ಮಾಡಿಕೊಂಡು ಹೋಗಿದ್ದೆ. ಸೆಂಟರಿನ ಕಂಪ್ಯೂಟರಿನಲ್ಲಿ ಇಂಥವಕ್ಕೆಲ್ಲ ಒಂದು ಫಾರ್ಮ್ಯಾಟ್ ಇದೆ, ಹೆಸರು ಬದಲಿಸಿದರೆ ಆಯಿತು. ಚಾಚಾ ಅದನ್ನು ಛಾಪಾ ಕಾಗದಕ್ಕೆ ಇಳಿಸುವ ಮೊದಲು ಗಟ್ಟಿಯಾಗಿ ಓದಿದರು. ಸದರಿ ಹೆಸರನ್ನು ಮದುವೆಯ ಶಾಸ್ತ್ರಕ್ಕಾಗಿ ಮಾತ್ರ ಇಡಲಾಗಿದ್ದು, ಸದರಿ ಹೆಸರಿನ ಬೇರೆ ಯಾವ ವ್ಯಕ್ತಿಯೂ ನನ್ನ ಮನೆಯಲ್ಲಿ ಇಲ್ಲ ಹಾಗೂ ಎಂದೂ ಇರಲಿಲ್ಲ ಎಂದು ಪ್ರಮಾಣ ಮಾಡುತ್ತೇನೆ.

ಅಪ್ಪ ಪೆನ್ನು ತೆಗೆದಿದ್ದವನು ಮತ್ತೆ ಜೇಬಿಗೆ ಇಟ್ಟ.

"ಇದ್ಳು," ಅಂದ.

ಆ ಹೊತ್ತಿಗೆ ನನಗೆ ಬಸ್ಸು, ಬಿಸಿಲು, ಹಿರೇಕೆರೂರು, ಮೂರು ತಿಂಗಳಲ್ಲಿ ಉಳಿದ ಹದಿನೈದು ದಿನ, ಎಲ್ಲ ಸೇರಿ ತಲೆ ಚಿಟ್ಟು ಹಿಡಿದಿತ್ತು. "ಅಪ್ಪಾ, ಅದು ಬರೇ ಫಾರ್ಮ್ಯಾಟ್ ಐತಿ. ಯಾರೂ ಓದಂಗಿಲ್ಲ. ಸಹಿ ಮಾಡು," ಅಂದೆ.

"ಫಾರ್ಮ್ಯಾಟಿಗೆ ಅವ್ವ ಇರಂಗಿಲ್ಲಪಾ. ನನಗ ಇದ್ಳು."

ಜೋರಾಗಿ ಅನ್ನಲಿಲ್ಲ. ಅಪ್ಪನಿಗೆ ಜೋರು ಬರುವುದಿಲ್ಲ. ನಾನು ಊರಿನವರ ಎದುರು ಎಷ್ಟೋ ಸಲ ತೆಗೆದ ದನಿ ಅದು, ಮಾತಿನ ನಡುವೆ ನಿಲ್ಲಿಸಿ ಕನ್ನಡಕ ಸರಿಮಾಡುವ ಮಾಸ್ತರನ ದನಿ. ಅವತ್ತು ಅವನು ಕನ್ನಡಕ ಮುಟ್ಟಲಿಲ್ಲ. ಚಾಚಾ ನನ್ನ ಕಡೆ ನೋಡಲೇ ಇಲ್ಲ. ಕೀಲಿಮಣೆಯ ಮೇಲಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಮಾಸ್ತರ್ರ, ನೀವ ಹೇಳ್ರಿ. ಹೆಂಗ ಬರೀಲಿ?"

ಅಪ್ಪ ಹೇಳುತ್ತ ಹೋದ, ಶಾಲೆಯಲ್ಲಿ ಉಕ್ತಲೇಖನ ಹೇಳಿದ ಹಾಗೆ. ಈ ಹೆಸರು ನನ್ನ ತಾಯಿಯದು. ಆಕೆ ಸವಣೂರಿನಲ್ಲಿ ನನ್ನ ಮನೆಯಲ್ಲಿ ತೀರಿಕೊಂಡಿದ್ದಾಳೆ. ನನ್ನ ಇಚ್ಛೆಯ ಮೇರೆಗೆ ನನ್ನ ಮಗ ಮದುವೆಯಲ್ಲಿ ತನ್ನ ಹೆಂಡತಿಗೆ ಇದೇ ಹೆಸರು ಬರೆದ. ಆಕೆಯ ಹುಟ್ಟಿದ ಹೆಸರು ಬೇರೆ, ಅದೇ ಆಕೆಯ ಹೆಸರು. ಚಾಚಾ ಟೈಪು ಮಾಡಿ, ಪ್ರಿಂಟು ತೆಗೆದು, ಅಪ್ಪನ ಮುಂದೆ ಇಟ್ಟು, ಎಲ್ಲಿ ಸಹಿ ಎಂದು ಬೆರಳಿನಿಂದ ತೋರಿಸಿದರು. ಅಪ್ಪ ಸಹಿ ಮಾಡಿದ. ಬರುವಾಗ ಬಸ್ಸು ಕಾಯುತ್ತ ನಿಂತಾಗ ಕಬ್ಬಿನ ಹಾಲು ಕುಡಿಯುತ್ತೀಯಾ ಅಂತ ನಾನು ಕೇಳಿದೆ. ಬ್ಯಾಡ ಅಂದ.

ಮುಂದಿನ ಭಾನುವಾರ ಅಪ್ಪ ಫೋನು ತೆಗೆದುಕೊಂಡು, "ಊಟ ಆತೇನವಾ" ಅಂತ ಮಾತ್ರ ಅಂದ. ಹೆಸರಿಲ್ಲ. ಫೋನು ನನ್ನ ಕೈಗೆ ಬಂದ ಮೇಲೆ ಅವಳು, ಮಾವನಿಗೆ ಏನಾಯಿತು ಅಂತ ಕೇಳಿದಳು. ಶಿಗ್ಗಾವಿಯಲ್ಲಿ ನಡೆದದ್ದನ್ನು ಹೇಳಿದೆ. ಯಾರ ದನಿಯನ್ನೂ ತೆಗೆಯದೆ ಹೇಳಿದೆ. ಅವಳು ಕೇಳಿಕೊಂಡಳು.

ಕಾಗದಗಳು ಹೋದವು. ಮತ್ತೆ ಕಾಯುವುದು. ಎರಡನೇ ವರ್ಷ ದಾಟಿ ಮೂರನೇದು ಹಿಡಿಯಿತು. ದಿನಾ ಬೆಳಿಗ್ಗೆ ಅವರ ಜಾಲತಾಣ ತೆರೆದರೆ, ನಿಮ್ಮ ಅರ್ಜಿ ನಮ್ಮಲ್ಲಿದೆ ಎಂಬ ಒಂದೇ ಸಾಲು. ಖಾರಾ ಮಾರುವವನು ತವರುಮನೆಯ ಮಾತು ಕೇಳುವುದನ್ನು ಬಿಟ್ಟಿದ್ದ. ಅವನು ಬಿಟ್ಟದ್ದು ಕೇಳುವುದಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಗಿರಾಕಿಗಳು ಯಾರದಾದರೂ ದನಿ ತೆಗಿ ಅಂದರೆ ಗಂಟಲು ಕಟ್ಟಿದೆ ಅನ್ನುತ್ತಿದ್ದೆ. ಅವಳು ಒಮ್ಮೆ ಮೂರು ವಾರ ರಜೆ ಹಾಕಿ ಬಂದಳು. ಅದರಲ್ಲಿ ಒಂದು ವಾರ ನನಗೆ ಜ್ವರ. ಎರಡು ವಾರ ನಾವು ಕಾಗದದ ಬಗ್ಗೆ ಮಾತಾಡದಿರಲು ಬಹಳ ಕಷ್ಟಪಟ್ಟೆವು. ಇಬ್ಬರೇ ಇರುವ ಫೋಟೋ ಮಾತ್ರ ಕೊನೆಗೂ ಸಿಕ್ಕಿತು. ಹಿರೇಕೆರೂರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಅಪರಿಚಿತರ ಕೈಗೆ ಫೋನು ಕೊಟ್ಟು ತೆಗೆಸಿದೆವು. ಇಬ್ಬರೂ ಪಾಸ್‌ಪೋರ್ಟ್ ಫೋಟೋಗೆ ನಿಂತಂತೆ ಸೆಟೆದು ನಿಂತಿದ್ದೇವೆ.

ಅರ್ಜಿ ಪಾಸಾಗಿದೆ ಅಂತ ಒಂದು ಬೆಳಿಗ್ಗೆ ಬಂತು. ಹಿಗ್ಗಬೇಕೆಂದು ಇಬ್ಬರೂ ಪ್ರಯತ್ನ ಮಾಡಿದೆವು. ಆದರೆ ಅದರ ಹಿಂದೆಯೇ ಇನ್ನೊಂದು ಅರ್ಜಿ ಇತ್ತು, ಈ ಸಲ ನಾನು ತುಂಬುವುದು, ಪುಟದ ಮೇಲೆ ಪುಟ. ಹದಿನಾರನೇ ವರ್ಷದಿಂದ ಎಲ್ಲೆಲ್ಲಿ ವಾಸವಿದ್ದಿರಿ ಎಂಬುದಕ್ಕೆ ಸವಣೂರು ಎಂದು ಬರೆದು, ಬೇರೆ ಎಂಬುದಕ್ಕೆ ಮತ್ತೆ ಸವಣೂರು ಎಂದು ಬರೆಯಲು ಹೋಗಿದ್ದೆ. ನಡುವೆ ಒಂದು ಕಾಲಂ ಬಂತು. ಸಂಗಾತಿಗೆ ಬಳಸಿದ ಇತರ ಹೆಸರುಗಳು. ಕೆಂಪು ಚುಕ್ಕಿ ಇರಲಿಲ್ಲ.

ಬಿಟ್ಟಿದ್ದರೆ ಮುಗಿಯುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ. ತುಂಬಿದರೆ ಕೇಳುತ್ತಾರೆ. ಇದು ನನ್ನದೇ ಪಾಠ. ಬೆರಳು ಮುಂದಿನ ಕಾಲಂಗೆ ಹೋಗಿತ್ತು, ವಾಪಸ್ ತಂದೆ. ಮರುದಿನ ಬೆಳಿಗ್ಗೆ ಫೋನಿನಲ್ಲಿ ಅವಳನ್ನು ಕೇಳಿದೆ, ಇದರಲ್ಲಿ ಏನು ಬರೆಯಲಿ? ಅವಳು ಅವತ್ತು ಹೇಳಲಿಲ್ಲ. ಎರಡು ದಿನ ಬಿಟ್ಟು, ಬೇರೆ ಏನೋ ಮಾತಿನ ನಡುವೆ, "ಬರಿ ಅದನ್ನ" ಅಂದಳು. "ಅಜ್ಜೀದು ಅಂತ ಬರ್ಯಾಕ ಜಾಗಾ ಐತೇನ?"

ಜಾಗ ಇರಲಿಲ್ಲ. ಹೆಸರು ಮಾತ್ರ ಬರೆದೆ.

ಮುಂಬಯಿಗೆ ಹೋಗಿ ಎರಡು ದಿನ ವೈದ್ಯಕೀಯ ತಪಾಸಣೆ, ಬೆರಳಚ್ಚು ಅಂತ ಓಡಾಡಿ, ಮೂರನೇ ದಿನ ಬೆಳಿಗ್ಗೆ ಸಂದರ್ಶನಕ್ಕೆ ಸಾಲಿನಲ್ಲಿ ನಿಂತೆ. ನನ್ನ ಹಿಂದೆ ಮುಂದೆ ನಿಂತವರ ಕೈಯಲ್ಲೆಲ್ಲ ನನ್ನಂಥದೇ ಪ್ಲಾಸ್ಟಿಕ್ ಫೈಲು. ಮೂರು ವರ್ಷ ನಾನು ಬದನೆಕಾಯಿ ದನಿಯ ಸಾಹೇಬನನ್ನು ಎದುರಿಗಿಟ್ಟುಕೊಂಡು ತಾಲೀಮು ಮಾಡಿದ್ದೆ. ಕಿಟಕಿಯ ಆಚೆ ಕೂತಿದ್ದದ್ದು ಒಬ್ಬ ಹೆಂಗಸು. ಆಕೆಗೆ ನೆಗಡಿಯಾಗಿತ್ತು. ಪ್ರಶ್ನೆಗೊಮ್ಮೆ ಮೂಗು ಒರೆಸಿಕೊಳ್ಳುತ್ತಿದ್ದಳು. ನನಗಿಂತ ಆಕೆಗೇ ಈ ಕೆಲಸ ಸಾಕಾಗಿದ್ದಂತೆ ಕಂಡಿತು. ನನ್ನ ಇಂಗ್ಲಿಷು ಅರ್ಜಿಗಳ ಇಂಗ್ಲಿಷು, ಕೆಳಗೆ ಸಹಿ ಮಾಡಿದ, ಮೇಲೆ ಹೇಳಿದ ಎಂಬಷ್ಟೇ. ಅದಕ್ಕೆ ಹಿಂದಿಯಲ್ಲಿ ಮಾತಾಡುತ್ತೇನೆ ಅಂದೆ. ನನ್ನ ಹಿಂದಿಯೂ ಸವಣೂರ ಪೇಟೆಯದು. ಪಕ್ಕದಲ್ಲಿ ನಿಂತಿದ್ದ ದುಭಾಷಿ ಎರಡು ಸಲ ನನ್ನ ಮುಖ ನೋಡಿದ.

ಎಲ್ಲಿ ಭೇಟಿಯಾದಿರಿ, ಯಾರು ಗೊತ್ತುಮಾಡಿದರು, ಆಕೆಯ ಕೆಲಸ ಏನು, ಎಲ್ಲ ಕೇಳಿದಳು. ಹೇಳಿದೆ. ನನ್ನ ಕಿವಿಗೆ ಬೀಳುತ್ತಿದ್ದ ದನಿ ಯಾರದು ಅಂತ ಒಂದು ಗಳಿಗೆ ಹೊಳೆಯಲಿಲ್ಲ. ತೆಳ್ಳಗಿತ್ತು, ಸ್ವಲ್ಪ ಅಪ್ಪನಂತಿತ್ತು. ಆಮೇಲೆ ಆಕೆ ಪುಟ ತಿರುಗಿಸಿ, ಆ ಹೆಸರಿನ ಮೇಲೆ ಬೆರಳಿಟ್ಟು, ಇದು ಯಾರು ಅಂತ ಕೇಳಿದಳು.

ನಮ್ಮಜ್ಜಿ ಅಂದೆ. ಅಪ್ಪನ ತಾಯಿ. ತೀರಿಕೊಂಡಿದ್ದಾಳೆ.

ಹಾಗಾದರೆ ಹೆಂಡತಿಗೆ ಯಾಕೆ ಇಟ್ಟಿರಿ ಅಂತ ಕೇಳಿದಳು. ಅಪ್ಪ ಕೇಳಿದ, ಅವನು ಯಾವತ್ತೂ ಏನೂ ಕೇಳುವವನಲ್ಲ ಅಂದೆ. ಆಕೆ ಅಪ್ಪನ ಅಫಿಡವಿಟ್ಟನ್ನು ತೆಗೆದು, ಅದರ ಅನುವಾದವನ್ನು ಸಾವಕಾಶ ಓದಿದಳು. ಯಾರೂ ಓದುವುದಿಲ್ಲ ಅಂತ ನಾನು ಹೇಳಿದ್ದ ಕಾಗದ. ಓದಿ ಮುಗಿಸಿ, ನಿಮ್ಮ ಹೆಂಡತಿಗೆ ಆ ಹೆಸರು ಒಪ್ಪಿಗೆಯೇ ಅಂದಳು. ಇದಕ್ಕೆ ತಾಲೀಮು ಮಾಡಿರಲಿಲ್ಲ. ಮೊದಲು ನಾನು ಅವಳನ್ನು ಕೇಳಲಿಲ್ಲ, ಆಮೇಲೆ ಕೇಳಿದೆ ಅಂದೆ. ದುಭಾಷಿ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಆಕೆ ಏನೋ ಟೈಪು ಮಾಡಿದಳು, ಮೂಗು ಒರೆಸಿಕೊಂಡಳು, ನನ್ನ ಪಾಸ್‌ಪೋರ್ಟನ್ನು ತನ್ನ ಕಡೆಯೇ ಇಟ್ಟುಕೊಂಡು, ವೀಸಾ ಮಂಜೂರಾಗಿದೆ, ಅಂಚೆಯಲ್ಲಿ ಬರುತ್ತದೆ ಅಂದಳು. ಮುಂದಿನವರು ಆಗಲೇ ನನ್ನ ಬೆನ್ನ ಹಿಂದೆ ನಿಂತಿದ್ದರು.

ಹೊರಗೆ ಬಂದು ಒಂದು ಗೋಡೆಗೆ ಆತುಕೊಂಡು ಫೋನು ಮಾಡಿದೆ. ಅವಳು ಕೆಲಸದಿಂದ ಆಗಷ್ಟೇ ಬಂದಿದ್ದಳು. ಅಭ್ಯಾಸಬಲ, ಸಾಹೇಬನ ದನಿಯಲ್ಲೇ ಶುರು ಮಾಡಿದೆ.

"ನಿನ್ನ ದನ್ಯಾಗ ಹೇಳು," ಅಂದಳು.

"ಕೊಟ್ರು," ಅಂದೆ.

ಆ ಕಡೆ ನೀರು ಬೀಳುವ ಸದ್ದು ಬರುತ್ತಿತ್ತು, ಅದು ನಿಂತಿತು. ಅತ್ತಳೋ ಏನೋ ಗೊತ್ತಿಲ್ಲ. ಅಕ್ಕಿ ತೊಳೆಯುತ್ತಿದ್ದೆ ಅಂದಳು. ತೊಳಿ ಅಂದೆ. ಮತ್ತೆ ನೀರು ಬಿಟ್ಟಳು. ಇಬ್ಬರೂ ಅದನ್ನು ಕೇಳುತ್ತ ನಿಂತೆವು.

ಮನೆಗೆ ಬಂದಾಗ ಅವ್ವ ದೇವರ ಮುಂದೆ ದೀಪ ಹಚ್ಚಿಟ್ಟು, ಅಲ್ಲಿ ಥಂಡಿ ಬಹಳಂತೆ ಅಂತ ಪೆಟ್ಟಿಗೆಯಿಂದ ನನ್ನ ಹಳೆಯ ಸ್ವೆಟರು ತೆಗೆಯಲಿಕ್ಕೆ ಹೋದಳು. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಹೇಗಾಯಿತು, ಏನು ಕೇಳಿದರು, ಒಂದನ್ನೂ ಕೇಳಲಿಲ್ಲ. ನಾನೇ ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತೆ. ಅಪ್ಪ, "ಅವ್ವನ ಹೆಸರ ತಗದ್ರೇನ ಅಲ್ಲಿ?" ಅಂದ.

ತೆಗೆದರು, ಯಾರು ಅಂತ ಕೇಳಿದರು ಅಂದೆ. ನೀನು ಬರೆಸಿದ್ದನ್ನು ಪೂರ್ತಿ ಓದಿದರು. ಈಗ ಅದೆಲ್ಲ ಅವರ ಫೈಲಿನಲ್ಲಿದೆ, ಆ ದೇಶದಲ್ಲೇ ಇರುತ್ತದೆ.

ಅಪ್ಪ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ.

"ಹುಬ್ಬಳ್ಳಿ ದಾಟಿರಲಿಲ್ಲ ಆಕಿ," ಅಂದ. "ಎಲ್ಲೀತನಕಾ ಹೋದ್ಳು ನೋಡು."